ಬಾಣಂತಿಯರನ್ನು ಉಳಿಸಿದ ಡಾಕ್ಟರು



ಹೋದ ತಿಂಗಳು ನಮ್ಮಕ್ಕನಿಗೆ ಹೆರಿಗೆಯಾಗಿ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ನಾನು ಶಾಲೆಯಿಂದ ಬಂದವನೇ ಮಗುವನ್ನು ಎತ್ತಿಕೊಳ್ಳಲು ಓಡಿದೆ. ಕೈ ತೊಳೆಯದೆ ಮುಟ್ಟಬೇಡ ಅಂತ ಅಜ್ಜಿ ಗದರಿದರು. ನಂಗೆ ಸಿಟ್ಟು ಬಂತು. ಕೈಯಲ್ಲಿ ಏನೂ ಕೊಳೆ ಕಾಣಿಸ್ತಿರಲಿಲ್ಲ! ಮರುದಿನ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಒಬ್ಬ ಡಾಕ್ಟರ ಕಥೆ ಹೇಳಿದರು. ಅದನ್ನೇ ಇಲ್ಲಿ ಬರೆದಿದ್ದೇನೆ.

ಆ ಡಾಕ್ಟರ ಹೆಸರು ಇಗ್ನಾಜ್ ಸೆಮೆಲ್‌ವೈಸ್. ಇವರು 1818ನೇ ಇಸವಿ ಜುಲೈ 1ರಂದು ಹಂಗೇರಿ ದೇಶದ ಬುಡಾ ಪಟ್ಟಣದಲ್ಲಿ ಜನಿಸಿದರು. ತಂದೆ ದಿನಸಿ ವ್ಯಾಪಾರಿ. 1846ರಲ್ಲಿ ಇವರು ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರಾಗಿ ಸೇರಿದರು.

ಅಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಒಂದರಲ್ಲಿ ಡಾಕ್ಟರುಗಳು ಮತ್ತು ಡಾಕ್ಟರಿಕೆ ಕಲಿಯುವ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಹೆರಿಗೆ ಮಾಡಿಸುತ್ತಿದ್ದರು. 1846ರಲ್ಲಿ ಸೂಲಗಿತ್ತಿಯರ ವಾರ್ಡಿನಲ್ಲಿ ನೂರಕ್ಕೆ ಸುಮಾರು 3 ತಾಯಂದಿರು ತೀರಿಕೊಂಡರೆ, ಡಾಕ್ಟರ ವಾರ್ಡಿನಲ್ಲಿ ನೂರಕ್ಕೆ 11 ಜನ ತೀರಿಕೊಂಡರು. ಕಾರಣ ಬಾಣಂತಿ ಜ್ವರ. ನಮ್ಮಜ್ಜಿ ಇದನ್ನು ನಂಜು ಅಂತಾರೆ. ಆ ವಾರ್ಡಿಗೆ ಹಾಕಬೇಡಿ ಎಂದು ಹೆಂಗಸರು ಬೇಡಿಕೊಳ್ಳುತ್ತಿದ್ದರಂತೆ.

ಸೆಮೆಲ್‌ವೈಸರು ಎರಡೂ ವಾರ್ಡುಗಳನ್ನು ಒಂದೊಂದಾಗಿ ಹೋಲಿಸಿ ನೋಡಿದರು. ಕಾರಣ ಸಿಗಲಿಲ್ಲ. 1847ರಲ್ಲಿ ಅವರ ಸ್ನೇಹಿತ ಡಾಕ್ಟರ್ ಕೊಲೆಚ್ಕಾ ಅವರಿಗೆ, ಹೆಣ ಕೊಯ್ಯುವಾಗ ಚಾಕು ತಾಗಿ ಗಾಯವಾಯಿತು. ಅವರೂ ಬಾಣಂತಿಯರ ಹಾಗೆಯೇ ಜ್ವರ ಬಂದು ಸತ್ತರು. ಆಗ ಇವರಿಗೆ ಹೊಳೆಯಿತು. ಡಾಕ್ಟರುಗಳು ಹೆಣ ಕೊಯ್ದು ಅಲ್ಲಿಂದಲೇ ಹೆರಿಗೆ ವಾರ್ಡಿಗೆ ಬರ್ತಿದ್ದರು. ತೊಳೆದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ.

ಅದೇ ವರ್ಷ ಮೇ ತಿಂಗಳಿಂದ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ವಾರ್ಡಿಗೆ ಬರಬೇಕೆಂದು ನಿಯಮ ಮಾಡಿದರು. ನಮ್ಮ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಅಂದರೆ ಇದೇ. 1848ರಲ್ಲಿ ಸಾವು ನೂರಕ್ಕೆ ಸುಮಾರು 1ಕ್ಕೆ ಇಳಿಯಿತು. ಆ ವರ್ಷ ಮಾರ್ಚ್ ಮತ್ತು ಆಗಸ್ಟ್ ತಿಂಗಳಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ.

ಆದರೂ ಬಹಳ ಮಂದಿ ದೊಡ್ಡ ಡಾಕ್ಟರುಗಳು ನಂಬಲಿಲ್ಲ. ತಮ್ಮ ಕೈಯಿಂದಲೇ ತಾಯಂದಿರು ಸತ್ತರು ಅಂತ ಒಪ್ಪಿಕೊಳ್ಳೋದು ಯಾರಿಗೆ ಸುಲಭ? 1849ರಲ್ಲಿ ಅವರನ್ನು ಕೆಲಸದಲ್ಲಿ ಮುಂದುವರಿಸಲಿಲ್ಲ. ಅವರು ಹಂಗೇರಿಗೆ ಮರಳಿ ಅಲ್ಲಿಯೂ ಬಾಣಂತಿಯರನ್ನು ಉಳಿಸಿದರು. 1861ರಲ್ಲಿ ಪುಸ್ತಕ ಬರೆದರು. ನಂಬದವರಿಗೆ ಸಿಟ್ಟಿನಿಂದ ಬಹಿರಂಗ ಪತ್ರಗಳನ್ನೂ ಬರೆದರು. ಕಡೆಗೆ 1865ರಲ್ಲಿ ಅವರನ್ನು ಹುಚ್ಚಾಸ್ಪತ್ರೆಗೆ ಸೇರಿಸಿದರು. ಎರಡೇ ವಾರದಲ್ಲಿ, ಆಗಸ್ಟ್ 13ರಂದು, ಗಾಯ ನಂಜಾಗಿ ತೀರಿಕೊಂಡರು. ಆಗ ಅವರ ವಯಸ್ಸು 47. ತಾಯಂದಿರನ್ನು ನಂಜಿನಿಂದ ಉಳಿಸಿದವರು ನಂಜಿನಿಂದಲೇ ಸತ್ತರು. ಇದನ್ನು ಕೇಳಿ ನಂಗೆ ತುಂಬಾ ಬೇಜಾರಾಯ್ತು.

ಕೈಗೆ ಅಂಟಿದ್ದು ಏನೆಂದು ಅವರಿಗೂ ಪೂರ್ತಿ ಗೊತ್ತಿರಲಿಲ್ಲ. 1879ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಅವರು ಬಾಣಂತಿ ಜ್ವರಕ್ಕೆ ಬ್ಯಾಕ್ಟೀರಿಯಾ ಕಾರಣ ಎಂದು ತೋರಿಸಿದರು. ಈಗ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಗಳಿವೆ. ಆದರೂ ರೋಗಿಯನ್ನು ಮುಟ್ಟುವ ಮೊದಲು ಕೈ ಶುಚಿ ಮಾಡಿಕೊಳ್ಳಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಡಾಕ್ಟರುಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿದೆ. ಸೋಪಿನಲ್ಲಿ ತೊಳೆಯುವುದಾದರೆ 40ರಿಂದ 60 ಸೆಕೆಂಡು ಬೇಕು.

ಈಗ ಅಜ್ಜಿ ಹೇಳುವ ಮೊದಲೇ ನಾನು ಬಚ್ಚಲಿಗೆ ಹೋಗಿ, ಸೋಪು ಹಚ್ಚಿ, 60ರವರೆಗೆ ಎಣಿಸಿ ಕೈ ತೊಳೀತೀನಿ. ಆಮೇಲೆ ಮಗು ಎತ್ಕೊಳ್ತೀನಿ. ನೀವೂ ಹಾಗೇ ಮಾಡಿ.

– 7ನೇ ತರಗತಿ ವಿದ್ಯಾರ್ಥಿ