ಅನ್ನದ ಲೆಕ್ಕವಿಟ್ಟ ಅಟ್ವಾಟರ್

ಮೂಟೆ ಹೊರುವ ಹಮಾಲನಿಗೂ ಪೇಢಿಯಲ್ಲಿ ಕುಳಿತು ಜಮಾಖರ್ಚು ಬರೆಯುವ ಗುಮಾಸ್ತನಿಗೂ ಒಂದೇ ಪ್ರಮಾಣದ ಊಟ ಸಾಕೆ? ವಿದ್ಯಾರ್ಥಿಗಳೇ, ಈ ಪ್ರಶ್ನೆಗೆ ಅಳೆದು ತೂಗಿ ಉತ್ತರ ಹುಡುಕಿದವರಲ್ಲಿ ಅಮೆರಿಕೆಯ ರಸಾಯನಶಾಸ್ತ್ರಜ್ಞ ವಿಲ್ಬರ್ ಆಲಿನ್ ಅಟ್ವಾಟರ್ ಪ್ರಮುಖನು.

1844ರಲ್ಲಿ ಕ್ರೈಸ್ತ ಧರ್ಮೋಪದೇಶಕನೊಬ್ಬನ ಮಗನಾಗಿ ಜನಿಸಿದ ಈತನು ಮಿಡಲ್‌ಟೌನ್ ಪಟ್ಟಣದ ವೆಸ್ಲಿಯನ್ ವಿದ್ಯಾಪೀಠದಲ್ಲಿ ಪ್ರಾಧ್ಯಾಪಕನಾದನು. 1890ರ ದಶಕದಲ್ಲಿ ಭೌತವಿಜ್ಞಾನಿ ರೋಸಾನೊಡಗೂಡಿ ಅಲ್ಲಿ ಒಂದು ವಿಚಿತ್ರವಾದ ಕೋಣೆಯನ್ನು ನಿರ್ಮಿಸಿದನು. ಏಳು ಅಡಿ ಉದ್ದ, ನಾಲ್ಕು ಅಡಿ ಅಗಲ, ಅಷ್ಟೆ! ಅದರೊಳಗೆ ಒಬ್ಬ ಮನುಷ್ಯನು ಹಲವು ದಿನ ಉಂಡು, ಮಲಗಿ, ದುಡಿಯಬೇಕು. ಅವನ ಮೈಯ ಶಾಖವನ್ನು ಕೊಳವೆಗಳಲ್ಲಿ ಹರಿಯುವ ನೀರು ಹೀರಿಕೊಳ್ಳುತ್ತಿತ್ತು. ಆ ನೀರು ಎಷ್ಟು ಬಿಸಿಯಾಯಿತೆಂಬುದರಿಂದ ಲೆಕ್ಕ. ವಿಶ್ರಮಿಸಿದವನು ದಿನಕ್ಕೆ ಸುಮಾರು 2,300 ಕ್ಯಾಲೊರಿ ವ್ಯಯಿಸಿದನು. ನಿಂತಲ್ಲೇ ನಿಂತ ಸೈಕಲ್ಲನ್ನು ಗಂಟೆಗಟ್ಟಲೆ ತುಳಿದವನು 3,500ಕ್ಕೂ ಮಿಕ್ಕಿ. ಒಂದು ಗ್ರಾಂ ಪಿಷ್ಟಕ್ಕೂ ಸಸಾರಜನಕಕ್ಕೂ 4, ಕೊಬ್ಬಿಗೆ 9 ಕ್ಯಾಲೊರಿ ಎಂಬ ಎಣಿಕೆಯೂ ಈತನದೇ.

ಮದ್ಯದಿಂದಲೂ ದೇಹಕ್ಕೆ ಶಕ್ತಿ ದೊರೆಯುವುದೆಂದು ಅದೇ ಕೋಣೆ ತೋರಿಸಿತು. ಪಾನನಿರೋಧಕರು ಕೆರಳಿದರು, ಹೆಂಡದ ವ್ಯಾಪಾರಿಗಳು ಅದನ್ನೇ ಜಾಹೀರಾತಿಗೆ ಬಳಸಿದರು. ಎರಡೂ ಕಡೆಯ ಗದ್ದಲದ ನಡುವೆ ಆತನು ಅಂಕಿಯನ್ನು ಮಾತ್ರ ತಿದ್ದಲಿಲ್ಲ. 1904ರಲ್ಲಿ ಪಾರ್ಶ್ವವಾಯು ಬಡಿಯಿತು, 1907ರಲ್ಲಿ ತೀರಿಕೊಂಡನು. ಕೋಣೆಯ ಕೆಲಸವನ್ನು ಸಹಾಯಕ ಬೆನೆಡಿಕ್ಟನು ಮುಂದುವರಿಸಿದನು.