ಊರೂರು ಸುತ್ತಿದ ಶಾಲೆಗಳ ಮೇಡಂ ಬೆವನ್

ಬ್ರಿಜೆಟ್ ಬೆವನ್ ಅವರ ಹೆಸರನ್ನು ನಾನು ಮೊದಲು ನೋಡಿದ್ದು ಗ್ರಿಫಿತ್ ಜೋನ್ಸ್ ಎಂಬ ವೇಲ್ಸ್‌ನ ಪಾದ್ರಿಯ ಕಥೆಯಲ್ಲಿ, ಒಂದು ಮೂಲೆಯಲ್ಲಿ. ಓದುತ್ತ ಹೋದಂತೆ ಆ ಮೂಲೆಯೇ ನನ್ನನ್ನು ಹಿಡಿದು ನಿಲ್ಲಿಸಿತು.

ಹುಟ್ಟಿದ್ದು 1698ರಲ್ಲಿ, ಕಾರ್ಮಾರ್ಥನ್ ಸೀಮೆಯ ಅನುಕೂಲಸ್ಥ ವಾನ್ ಮನೆತನದಲ್ಲಿ. ತಂದೆ ಬಡಮಕ್ಕಳ ಶಾಲೆಗಳಿಗಾಗಿ ದುಡಿದವರು. ಗಂಡ ಆರ್ಥರ್ ಬೆವನ್ ವಕೀಲರು, ಪಾರ್ಲಿಮೆಂಟ್ ಸದಸ್ಯರು.

ಹಳ್ಳಿಗರ ಮನೆಮಾತು ವೆಲ್ಶ್. ಧರ್ಮಾರ್ಥ ಶಾಲೆಗಳಲ್ಲಿ ಹೆಚ್ಚಾಗಿ ಕಲಿಸುತ್ತಿದ್ದದ್ದು ಇಂಗ್ಲಿಷಿನಲ್ಲಿ. ಜೋನ್ಸರು 1731ರ ಹೊತ್ತಿಗೆ ಬೇರೆ ದಾರಿ ಹಿಡಿದರು: ಮೇಷ್ಟ್ರು ಒಂದೂರಿಗೆ ಬಂದು, ಹೊಲದ ಕೆಲಸ ಕಡಿಮೆಯಿರುವ ಚಳಿಗಾಲದಲ್ಲಿ ಸುಮಾರು ಮೂರು ತಿಂಗಳಿದ್ದು, ವೆಲ್ಶ್ ಓದಲು ಕಲಿಸಿ ಮುಂದಿನೂರಿಗೆ ಹೋಗುವುದು. ಹಗಲು ಬಿಡುವಿಲ್ಲದವರಿಗೆ ರಾತ್ರಿ ಪಾಠ. ಮಕ್ಕಳ ಪಕ್ಕದಲ್ಲೇ ವಯಸ್ಸಾದವರೂ ಕೂತು ಬೈಬಲ್ ಓದಲು ಕಲಿತರು. ಮೊಮ್ಮಕ್ಕಳನ್ನು ಭಾನುವಾರದ ಕನ್ನಡ ತರಗತಿಗೆ ಬಿಡಲು ಬಂದು ತಾವೂ ಹಿಂದಿನ ಬೆಂಚಿನಲ್ಲಿ ಕೂರುವ ಅಜ್ಜಿಯರನ್ನು ಕಂಡಿರುವ ನನಗೆ ಇದನ್ನು ಓದಿ ಖುಷಿಯಾಯಿತು.

ಇದಕ್ಕೆಲ್ಲ ಹಣದ ದೊಡ್ಡ ಆಸರೆ ಮೇಡಂ ಬೆವನ್. ಹೆಂಡತಿ ತೀರಿಕೊಂಡ ಮೇಲೆ ಜೋನ್ಸರು ಲಾರ್ನ್ ಊರಿನ ಇವರ ಮನೆಯಲ್ಲೇ ಉಳಿದು, 1761ರಲ್ಲಿ ಅಲ್ಲೇ ತೀರಿಕೊಂಡರು. ಶಾಲೆಗಳು ಅಲ್ಲಿಗೇ ನಿಲ್ಲಬಹುದಿತ್ತು. ಅರವತ್ತು ದಾಟಿದ್ದ ಈ ವಿಧವೆ ಅವನ್ನು ಇನ್ನೂ ಹದಿನೆಂಟು ವರ್ಷ ನಡೆಸಿದರು!

1779ರಲ್ಲಿ ಕಣ್ಣು ಮುಚ್ಚುವಾಗ ಶಾಲೆಗಳಿಗೆಂದು ಹತ್ತು ಸಾವಿರ ಪೌಂಡ್ ಬರೆದಿಟ್ಟಿದ್ದರು. ಸಂಬಂಧಿಕರು ಉಯಿಲನ್ನು ಕೋರ್ಟಿಗೆ ಎಳೆದರು. ಹಣ ಕೈಗೆ ಬಂದದ್ದು 1800 ದಾಟಿದ ಮೇಲೆ. ಅಷ್ಟರಲ್ಲಿ ಅವರ ಶಾಲೆಗಳು ಬಾಗಿಲು ಹಾಕಿ ಎಷ್ಟೋ ವರ್ಷಗಳಾಗಿದ್ದವು.