ಹಗಲು ಸಹಿ, ರಾತ್ರಿ ಡೈರಿ: ಗಗಾರಿನ್‌ನನ್ನು ಆರಿಸಿದ ಜನರಲ್‌ನ ಕತೆ

ಯೂರಿ ಗಗಾರಿನ್ ಯಾರು ಅಂತ ಕೇಳಿದರೆ ಶಾಲೆ ಮಕ್ಕಳೂ ಹೇಳ್ತಾರೆ. ಆತನನ್ನು ಆರಿಸಿ, ತಯಾರು ಮಾಡಿ, ರಾಕೆಟ್‌ವರೆಗೆ ಕರೆದುಕೊಂಡು ಹೋದ ಸೇನಾಧಿಕಾರಿಯ ಹೆಸರು ರಷ್ಯಾದಾಚೆ ಅಷ್ಟಾಗಿ ಕೇಳಿಬರೋದಿಲ್ಲ. ನಿಕೊಲಾಯ್ ಕಮಾನಿನ್, ಸೋವಿಯತ್ ವಾಯುಪಡೆಯ ಜನರಲ್. 1960ರಿಂದ 1971ರವರೆಗೆ ಗಗನಯಾತ್ರಿಗಳ ಆಯ್ಕೆ, ತರಬೇತಿ, ಶಿಸ್ತು ಎಲ್ಲವೂ ಈತನ ಉಸ್ತುವಾರಿಯಲ್ಲಿದ್ದವು.

ನನಗೆ ಈ ಮನುಷ್ಯ ಕಾಡೋದು ಬೇರೆ ಕಾರಣಕ್ಕೆ. ಆ ವರ್ಷಗಳುದ್ದಕ್ಕೂ ಈತ ಗುಟ್ಟಾಗಿ ಡೈರಿ ಬರೆದಿಟ್ಟ. ಅದರಲ್ಲಿ ಸಿಟ್ಟಿದೆ, ಅನುಮಾನ ಇದೆ, ಮಂತ್ರಿಗಳ ಮೇಲೆ, ಎಂಜಿನಿಯರ್‌ಗಳ ಮೇಲೆ, ತನ್ನದೇ ಮಾರ್ಷಲ್‌ಗಳ ಮೇಲೆ ದೂರಿದೆ. ಆತ ಬದುಕಿರುವಾಗ ಅದರ ಒಂದು ಸಾಲೂ ಹೊರಗೆ ಬರಲಿಲ್ಲ. ವ್ಯವಸ್ಥೆಯ ಒಳಗೇ ಇದ್ದು ಸರಿಪಡಿಸ್ತೀವಿ ಅನ್ನುವವರನ್ನು ನಾವು ದಿನಾ ನೋಡ್ತೀವಲ್ಲ, ಅವರ ಲೆಕ್ಕಾಚಾರ ಎಲ್ಲಿವರೆಗೆ ನಡೆಯುತ್ತೆ ಅಂತ ತಿಳಿಯೋಕೆ ಈ ಬದುಕು ಒಳ್ಳೆ ದಾರಿ.

ಮಾಸ್ಕೋದ ಪೂರ್ವಕ್ಕಿರುವ ಮೆಲೆಂಕಿ ಎಂಬ ಸಣ್ಣ ಊರಿನವನು, ಚಪ್ಪಲಿ ಹೊಲಿಯುವವನ ಮಗ. 1934ರ ಫೆಬ್ರವರಿಯಲ್ಲಿ ಚೆಲ್ಯುಸ್ಕಿನ್ ಎಂಬ ಹಡಗು ಆರ್ಕ್ಟಿಕ್ ಮಂಜುಗಡ್ಡೆಗೆ ಸಿಕ್ಕಿ ಮುಳುಗಿ, 104 ಜನ ಹಿಮದ ಮೇಲೆ ಡೇರೆ ಹಾಕಿಕೊಂಡು ಕೂತರು. ಕಾಕ್‌ಪಿಟ್‌ಗೆ ಮುಚ್ಚಳವೂ ಇಲ್ಲದ ವಿಮಾನದಲ್ಲಿ ಕಮಾನಿನ್ ಮತ್ತೆ ಮತ್ತೆ ಹಾರಿ 34 ಜನರನ್ನು ಹೊತ್ತು ತಂದ. ದಾರಿಯಲ್ಲಿ ತನ್ನ ವಿಮಾನ ಕೆಟ್ಟಾಗ, ಕೈಕೆಳಗಿನ ಪೈಲಟ್‌ನ ವಿಮಾನ ತಗೊಂಡು ಅವನನ್ನು ಅಲ್ಲೇ ಬಿಟ್ಟು ಮುಂದೆ ಹೋದ. ಕೆಲಸ ಆಗಬೇಕು, ಉಳಿದದ್ದೆಲ್ಲ ಆಮೇಲೆ. ಈ ಸ್ವಭಾವ ಕೊನೆಯವರೆಗೂ ಬದಲಾಗಲಿಲ್ಲ. ಆ ರಕ್ಷಣಾ ಕಾರ್ಯಕ್ಕೆ ಏಳು ಪೈಲಟ್‌ಗಳಿಗೆ ಸೋವಿಯತ್ ಒಕ್ಕೂಟದ ವೀರ ಎಂಬ ಬಿರುದು ಸಿಕ್ಕಿತು. ಆ ಬಿರುದು ಪಡೆದ ಮೊಟ್ಟಮೊದಲಿಗರು ಈ ಏಳು ಮಂದಿಯೇ.

ಮಹಾಯುದ್ಧದಲ್ಲಿ ದಾಳಿ ವಿಮಾನಗಳ ಡಿವಿಷನ್, ನಂತರ ಇಡೀ ಕೋರ್ ಮುನ್ನಡೆಸಿದ. ಮಗ ಅರ್ಕಾಡಿ ಹದಿನಾಲ್ಕನೇ ವಯಸ್ಸಿಗೇ ಅಪ್ಪನ ಪಡೆಯಲ್ಲಿ ವಿಮಾನ ಹಾರಿಸಿದ, ಪದಕಗಳನ್ನೂ ಪಡೆದ. ಯುದ್ಧದಿಂದ ಬದುಕಿ ಬಂದ ಹುಡುಗ 1947ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಮೆದುಳುಪೊರೆಯ ಉರಿಯೂತದಿಂದ ತೀರಿಕೊಂಡ.

1960ರಲ್ಲಿ ಇಪ್ಪತ್ತು ಮಂದಿ ಯುವ ಪೈಲಟ್‌ಗಳ ಮೊದಲ ತಂಡ ಸಿದ್ಧವಾಯಿತು. ಅದರಲ್ಲಿ ಎಲ್ಲರಿಗಿಂತ ಚಿಕ್ಕವನು ವ್ಯಾಲೆಂಟಿನ್ ಬೊಂಡರೆಂಕೊ. 1961ರ ಮಾರ್ಚ್ 23ರಂದು, ಆಮ್ಲಜನಕ ತುಂಬಿದ ಪರೀಕ್ಷಾ ಕೋಣೆಯಲ್ಲಿ ಬೆಂಕಿ ಹೊತ್ತಿ ಸತ್ತ. ಮೂರು ವಾರಕ್ಕೆ ಗಗಾರಿನ್ ಹಾರಿದ, ಜಗತ್ತು ಚಪ್ಪಾಳೆ ಹೊಡೆಯಿತು. ಬೊಂಡರೆಂಕೊ ಅಂತ ಒಬ್ಬನಿದ್ದ ಅನ್ನೋದು ಸೋವಿಯತ್ ಜನರಿಗೆ ಗೊತ್ತಾಗಿದ್ದು 1986ರಲ್ಲಿ. ಗಗಾರಿನ್ ಕೂಡ ನೌಕೆಯೊಳಗೇ ಕೂತು ಇಳಿಯಲಿಲ್ಲ. ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ಹೊರಚಿಮ್ಮಿ, ಪ್ಯಾರಾಶೂಟ್‌ನಲ್ಲಿ ಬೇರೆಯಾಗಿ ಇಳಿದ. ದಾಖಲೆಯ ನಿಯಮಕ್ಕೆ ಅಡ್ಡಿ ಆಗುತ್ತೆ ಅಂತ ಅದನ್ನೂ ಮುಚ್ಚಿಟ್ಟರು. ಇಷ್ಟೆಲ್ಲ ಗೊತ್ತಿದ್ದ ಕಮಾನಿನ್, ಅದೇ ವರ್ಷದ ಕೊನೆಗೆ ಗಗಾರಿನ್ ಭಾರತ ಪ್ರವಾಸಕ್ಕೆ ಬಂದಾಗ ಜೊತೆಗಿದ್ದ. ನಮ್ಮ ಜನ ಹೂಮಾಲೆ ಹಾಕಿದ್ದು ಆ ನಗುಮುಖಕ್ಕೆ; ಗುಟ್ಟುಗಳ ಗಂಟು ಪಕ್ಕದಲ್ಲೇ ಸಮವಸ್ತ್ರದಲ್ಲಿ ನಿಂತಿತ್ತು.

ಹೆಣ್ಣೊಬ್ಬಳನ್ನು ಬಾಹ್ಯಾಕಾಶಕ್ಕೆ ಕಳಿಸಬೇಕು ಅಂತ ಹಟ ಹಿಡಿದವರಲ್ಲಿ ಈತ ಮುಖ್ಯ. ಸಮಾನತೆಯ ಕನಸೇನೂ ಅಲ್ಲ ಬಿಡಿ. ಅಮೆರಿಕದವಳು ಮೊದಲಾಗಬಾರದು ಅನ್ನೋದೇ ದೊಡ್ಡ ಕಾರಣ ಅಂತ ಡೈರಿಯಲ್ಲೇ ಬರೆದುಕೊಂಡಿದ್ದಾನೆ. 1962ರಲ್ಲಿ ಐವರನ್ನು ಆರಿಸಿದರು. ಅವರಲ್ಲಿ ವ್ಯಾಲೆಂಟಿನಾ ಪೊನೊಮರ್ಯೋವಾ ಓದಿನಲ್ಲಿ ಮುಂದಿದ್ದ ಎಂಜಿನಿಯರ್. ಆದರೆ ಯುದ್ಧದಲ್ಲಿ ಅಪ್ಪನನ್ನು ಕಳೆದುಕೊಂಡ ಗಿರಣಿ ಕಾರ್ಮಿಕೆ ವ್ಯಾಲೆಂಟಿನಾ ತೆರೆಶ್ಕೋವಾ ಪೋಸ್ಟರ್‌ಗೆ ಹೆಚ್ಚು ಒಪ್ಪುತ್ತಿದ್ದಳು. 1963ರ ಜೂನ್ 16ರಂದು ಆಕೆ ಹಾರಿದಳು, 48 ಸುತ್ತು ಹಾಕಿ ಬಂದಳು. ಮೊದಲು ಅನ್ನೋದು ಸಿಕ್ಕಿತಲ್ಲ, ಮುಂದೆ ಯಾರಿಗೂ ಬೇಕಾಗಲಿಲ್ಲ. 1969ರಲ್ಲಿ ಹೆಣ್ಣುಮಕ್ಕಳ ತಂಡವನ್ನೇ ಮುಚ್ಚಿದರು. ಆದರೂ ಒಂದು ಮಾತು ಹೇಳಲೇಬೇಕು. ನಮ್ಮ ಗಗನಯಾನಕ್ಕೆ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ತಪಾಸಣೆ ಮಾಡಿ ಆರಿಸಿದ ನಾಲ್ವರೂ ಗಂಡಸರೇ, ಯಾಕಂದ್ರೆ ವಾಯುಪಡೆಯ ಟೆಸ್ಟ್ ಪೈಲಟ್‌ಗಳಿಂದಲೇ ಆರಿಸಿದ್ದು. ಅರವತ್ತು ವರ್ಷದ ಹಿಂದೆ ಕಮಾನಿನ್ ಆ ಅರ್ಹತೆಯನ್ನೇ ಪಕ್ಕಕ್ಕಿಟ್ಟು, ಪ್ಯಾರಾಶೂಟ್ ಕ್ಲಬ್ಬುಗಳಲ್ಲಿ ಹುಡುಕಿಸಿದ.

ಕೈಕೆಳಗಿನವರಿಗೆ ಈತ ಸುಲಭದ ಮನುಷ್ಯ ಆಗಿರಲಿಲ್ಲ. ಸ್ಟಾಲಿನ್ ಬಗ್ಗೆ ಮೆಚ್ಚುಗೆ ಇಟ್ಟುಕೊಂಡಿದ್ದವನು. ಮೊದಲ ತಂಡದ ಪ್ರತಿಭಾವಂತ ಗ್ರಿಗೊರಿ ನೆಲ್ಯುಬೊವ್ ಕುಡಿದು ಮಿಲಿಟರಿ ಪಹರೆಯವರ ಜೊತೆ ಜಗಳ ಆಡಿದ ಅಂತ 1963ರಲ್ಲಿ ಹೊರಹಾಕಿದರು. ಮೂರು ವರ್ಷದ ನಂತರ ಆತ ರೈಲಿಗೆ ಸಿಕ್ಕಿ ಸತ್ತ. ಆತನ ಮುಖವನ್ನು ಗುಂಪು ಫೋಟೋಗಳಿಂದಲೂ ಅಳಿಸಿಹಾಕಿದರು.

ಮೇಲಿನವರ ಎದುರು ಕಮಾನಿನ್ ಬಾಯಿ ಬಿಡಲೇ ಇಲ್ಲ ಅಂದ್ರೆ ಅನ್ಯಾಯ ಆಗುತ್ತೆ. ನೌಕೆಯಲ್ಲಿ ಎಲ್ಲವನ್ನೂ ಯಂತ್ರಕ್ಕೇ ಬಿಡಬೇಡಿ, ಪೈಲಟ್ ಕೈಗೂ ಹತೋಟಿ ಕೊಡಿ ಅಂತ ವರ್ಷಗಟ್ಟಲೆ ಎಂಜಿನಿಯರ್‌ಗಳ ಜೊತೆ ಗುದ್ದಾಡಿದ. 1964ರಲ್ಲಿ ಅಮೆರಿಕಕ್ಕಿಂತ ಮುಂಚೆ ಮೂವರನ್ನು ಒಟ್ಟಿಗೆ ಹಾರಿಸಬೇಕು ಅಂತ ಒತ್ತಡ ಬಂತು. ಜಾಗ ಸಾಲದೆ ಸ್ಪೇಸ್ ಸೂಟನ್ನೇ ತೆಗೆದುಹಾಕಿದರು. ಹೊರಚಿಮ್ಮುವ ಆಸನವೂ ಇಲ್ಲ. ಕಮಾನಿನ್‌ಗೆ ಇದು ಸರ್ಕಸ್ ಥರ ಕಂಡಿತು. ಆದರೂ ಮೂವರನ್ನು ತಯಾರು ಮಾಡಿ ಕಳಿಸಿದ. ಅದೃಷ್ಟಕ್ಕೆ ಅವರು ಬದುಕಿ ಬಂದರು.

ಅದೃಷ್ಟ ಕೈಕೊಟ್ಟಿದ್ದು 1967ರಲ್ಲಿ. ಕ್ರಾಂತಿಯ ಐವತ್ತನೇ ವರ್ಷ, ಮೇ ದಿನ ಬೇರೆ ಹತ್ತಿರ. ಹೊಸ ಸೋಯುಜ್ ನೌಕೆ ಮನುಷ್ಯರಿಲ್ಲದೆ ಮೂರು ಬಾರಿ ಪರೀಕ್ಷೆಗೆ ನಿಂತಿತ್ತು, ಮೂರು ಬಾರಿಯೂ ಎಡವಿತ್ತು. ಮೂರನೆಯದರ ಶಾಖ ತಡೆಯುವ ಕವಚ ಸುಟ್ಟು ತೂತಾಗಿ, ಅದು ಅರಾಲ್ ಸಮುದ್ರದ ಹಿಮ ಒಡೆದು ಮುಳುಗಿತು. ನಾಲ್ಕನೆಯದರಲ್ಲೇ ಮನುಷ್ಯನನ್ನು ಕೂರಿಸೋಣ ಅಂತ ತೀರ್ಮಾನವಾಯಿತು. ರಾಜ್ಯ ಆಯೋಗದಲ್ಲಿ ಕಮಾನಿನ್ ಇದ್ದ. ಯೋಜನೆ ಪೂರ್ತಿ ಕೈಗೂಡುತ್ತೆ ಅನ್ನೋ ಭರವಸೆ ತನಗಿಲ್ಲ, ಆದರೆ ಬೇಡ ಅನ್ನೋಕೆ ತಕ್ಕಷ್ಟು ಬಲವಾದ ಕಾರಣವೂ ಇಲ್ಲ ಎಂಬರ್ಥದ ಮಾತನ್ನು ಡೈರಿಗೆ ಬರೆದ. ನಾನು ಮತ್ತೆ ಮತ್ತೆ ನಿಲ್ಲೋದು ಇಲ್ಲೇ. ಮೂರಕ್ಕೆ ಮೂರು ಸೋಲು ಬಲವಾದ ಕಾರಣ ಅಲ್ಲದಿದ್ರೆ ಇನ್ಯಾವುದು? ಮೂವತ್ತಮೂರು ವರ್ಷದ ಹಿಂದೆ ಹಿಮದ ಮೇಲೆ ಜೀವದ ಹಂಗು ತೊರೆದು ಹಾರಿದವನಿಗೆ, ಮೇಜಿನ ಸುತ್ತ ಕೂತ ಹತ್ತಾರು ಜನರ ಮುಂದೆ ಬೇಡ ಅನ್ನೋದು ಅದಕ್ಕಿಂತ ಕಷ್ಟ ಆಯಿತು.

ಏಪ್ರಿಲ್ 23ರಂದು ವ್ಲಾದಿಮಿರ್ ಕೊಮರೊವ್ ಹಾರಿದ. ಆತನ ಬದಲಿ ಆಟಗಾರ ಸ್ವತಃ ಗಗಾರಿನ್. ಕಕ್ಷೆ ಸೇರಿದ ಕೂಡಲೇ ಒಂದು ಸೋಲಾರ್ ಫಲಕ ಬಿಚ್ಚಿಕೊಳ್ಳಲಿಲ್ಲ, ವಿದ್ಯುತ್ ಸಾಲದೆ ಹೋಯಿತು. ಮರುದಿನ ಹಾರಬೇಕಿದ್ದ ಎರಡನೇ ನೌಕೆಯನ್ನು ನಿಲ್ಲಿಸಿದರು. ಇಳಿಯುವಾಗ ಯಂತ್ರ ಸಹಕರಿಸದೆ, ಕೊಮರೊವ್ ತನ್ನ ಕೈಯಾರೆ ನೌಕೆಯನ್ನು ಸರಿಯಾದ ದಿಕ್ಕಿಗೆ ತಿರುಗಿಸಿದ. ಪೈಲಟ್ ಕೈಗೂ ಹತೋಟಿ ಬೇಕು ಅನ್ನುತ್ತಿದ್ದ ಕಮಾನಿನ್‌ನ ವಾದ ಗೆದ್ದಿತ್ತು. ಆದರೆ ಮುಖ್ಯ ಪ್ಯಾರಾಶೂಟ್ ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ. ಓರೆನ್‌ಬರ್ಗ್ ಕಡೆಯ ಹೊಲದಲ್ಲಿ ನೌಕೆ ಅಪ್ಪಳಿಸಿ ಉರಿದುಹೋಯಿತು. ಕಮಾನಿನ್ ಅಲ್ಲಿಗೆ ಹೋಗಿ, ಕರಕಲಾದ ಲೋಹದೊಳಗಿಂದ ಕೊಮರೊವ್‌ನದಾಗಿ ಉಳಿದದ್ದನ್ನು ಎತ್ತಿಸಬೇಕಾಯಿತು. ಅದೇ ಪ್ಯಾರಾಶೂಟ್ ದೋಷ ಎರಡನೇ ನೌಕೆಯಲ್ಲೂ ಇತ್ತು. ಅದು ಹಾರಿದ್ದರೆ ಇನ್ನೂ ಮೂವರು ಹೋಗುತ್ತಿದ್ದರು.

ಆ ವರ್ಷವೇ ಆತ ಕರ್ನಲ್ ಜನರಲ್ ಆದ. 1968ರ ಮಾರ್ಚ್ 27ರಂದು ತರಬೇತಿ ವಿಮಾನ ಬಿದ್ದು ಗಗಾರಿನ್ ಸತ್ತ. ಚಂದ್ರನ ಓಟದಲ್ಲಿ ಸೋವಿಯತ್ ಸೋತಿತು.

1971ರ ಜೂನ್ 30ರಂದು ಸೋಯುಜ್ 11 ನೆಲಕ್ಕಿಳಿಯಿತು, ಸುರಕ್ಷಿತವಾಗಿ. ಬಾಗಿಲು ತೆಗೆದರೆ ದೊಬ್ರೊವೊಲ್ಸ್ಕಿ, ವೋಲ್ಕೊವ್, ಪತ್ಸಾಯೆವ್ ಮೂವರೂ ಸತ್ತಿದ್ದರು. ಮೇಲೆ ನೌಕೆಯ ಭಾಗಗಳು ಬೇರ್ಪಡುವಾಗ ವಾಲ್ವ್ ಒಂದು ತೆರೆದುಕೊಂಡು ಗಾಳಿಯೆಲ್ಲ ಸೋರಿಹೋಗಿತ್ತು. ಮೈಮೇಲೆ ಸ್ಪೇಸ್ ಸೂಟ್ ಇರಲಿಲ್ಲ. 1964ರಲ್ಲಿ ಒಮ್ಮೆಗೆ ಅಂತ ಮಾಡಿದ್ದು ಏಳು ವರ್ಷದಲ್ಲಿ ರೂಢಿಯೇ ಆಗಿಬಿಟ್ಟಿತ್ತು. ಆಮೇಲೆ ಮೂರು ಆಸನವನ್ನು ಎರಡಕ್ಕೆ ಇಳಿಸಿ, ಸೂಟ್ ಕಡ್ಡಾಯ ಮಾಡಿದರು.

ಅದೇ ವರ್ಷ ಕಮಾನಿನ್ ಸ್ಥಾನಕ್ಕೆ ಗಗನಯಾತ್ರಿ ಶತಾಲೊವ್ ಬಂದ. ಕಮಾನಿನ್ ಮನೆಗೆ ಹೋದ, ಡೈರಿ ಮಾತ್ರ ಮುಂದುವರಿಸಿದ. 1982ರ ಮಾರ್ಚ್‌ನಲ್ಲಿ ತೀರಿಕೊಂಡ. ಅದಾಗಿ ಐದು ತಿಂಗಳಿಗೆ, ತೆರೆಶ್ಕೋವಾ ನಂತರದ ಮೊದಲ ಹೆಣ್ಣು ಸ್ವೆತ್ಲಾನಾ ಸವಿಟ್ಸ್ಕಾಯಾ ಹಾರಿದಳು. 1995ರಿಂದ ಇನ್ನೊಬ್ಬ ಮಗ ಲೆವ್ ಆ ಡೈರಿಗಳನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದ. ಯಾವ ದೇಶದ ಮಾನ ಉಳಿಸೋಕೆ ಅಷ್ಟೆಲ್ಲ ಒಳಗಿಟ್ಟುಕೊಂಡಿದ್ದನೋ, ಆ ದೇಶ ಹೊತ್ತಿಗಾಗಲೇ ಇರಲಿಲ್ಲ. ಕೊಮರೊವ್ ಹಾರಾಟದ ಹಿಂದಿನ ದಿನಗಳ ಪುಟಗಳು ಎರಡನೇ ಸಂಪುಟ ದಾಟಿದ ಮೇಲೆ ಸಿಗುತ್ತವೆ.